ಸಣ್ಣ ಫ್ಲ್ಯಾಟಿನ ಅಡುಗೆ ಕಟ್ಟೆಗೆ ಡಿಶ್‌ವಾಶರ್: ಹುಬ್ಬಳ್ಳಿ-ಧಾರವಾಡದ ನೀರಿಗೆ ಹೊಂದಿಸಿಕೊಳ್ಳುವ ಬಗೆ

ಕಟ್ಟೆ ಮೇಲೆ ಇಡುವ ಸಣ್ಣ ಡಿಶ್‌ವಾಶರ್ ನಮ್ಮ ಊರಲ್ಲಿ ಚೆನ್ನಾಗಿ ನಡೆಯುತ್ತದೆಯೋ ಇಲ್ಲವೋ ಎಂಬುದು ಮೊದಲು ನಿಮ್ಮ ಮನೆಯ ನೀರಿನ ಮೇಲೆ ನಿಂತಿದೆ. ಕಂಪನಿ, ಮಾಡೆಲ್ಲು, ಪುಡಿ ಎಲ್ಲ ಆಮೇಲಿನ ಮಾತು. ವಾರಕ್ಕೊಮ್ಮೆ ಬರುವ ಕಾರ್ಪೊರೇಶನ್ ನೀರು, ನಡುವೆ ಬೋರಿನ ಸವಳು ನೀರು, ಮೇಲಿನ ಮಹಡಿಗೆ ಸಣ್ಣಗೆ ಸುರಿಯುವ ನಲ್ಲಿ, ಇವನ್ನು ಮೊದಲೇ ನೋಡಿಕೊಂಡವರ ಮನೆಯಲ್ಲಿ ಯಂತ್ರ ವರ್ಷಗಟ್ಟಲೆ ದುಡಿಯುತ್ತದೆ. ನೋಡದೆ ತಂದವರ ಮನೆಯಲ್ಲಿ ಕೆಲವೇ ತಿಂಗಳಲ್ಲಿ ಅದರ ಮೇಲೆ ತರಕಾರಿ ಬುಟ್ಟಿ ಕೂತಿರುತ್ತದೆ. ಹಾಗಾಗಿ ಈ ಬರಹದಲ್ಲಿ ನೀರಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಬಾಂಡೆ ತಿಕ್ಕಲು ಬರುವ ಅಕ್ಕನನ್ನು ಬಿಡಿಸುವ ಲೆಕ್ಕದಲ್ಲಿ ಈ ಯಂತ್ರ ತರಬೇಡಿ. ಕುಕ್ಕರು, ಹಂಚು, ಪರಾತ, ದೊಡ್ಡ ಬೋಗುಣಿ ಹೇಗೂ ಹೊರಗೇ ಉಳಿಯುತ್ತವೆ. ರಾತ್ರಿ ಊಟದ ಮುಸುರಿ ಬೆಳಗಿನವರೆಗೂ ಸಿಂಕಿನಲ್ಲಿ ನಾರಬಾರದು, ಕೈಗೆ ಕಜ್ಜಿ-ಬಿರುಕು ಇರುವವರು ಸೋಪಿನ ನೀರಿಗೆ ಕೈ ಹಾಕಬಾರದು, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಒಬ್ಬರೇ ಸಿಂಕಿನ ಮುಂದೆ ನಿಲ್ಲಬಾರದು ಎನ್ನುವುದಾದರೆ, ಆಗ ಇದು ನಿಜವಾಗಿ ಉಪಕಾರಿ.

ಮೊದಲು ನೀರು ನೋಡಿ

ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ನೀರು ಬರುವುದು ಸವದತ್ತಿಯ ನವಿಲುತೀರ್ಥದ ಬಳಿ ಮಲಪ್ರಭೆಗೆ ಕಟ್ಟಿರುವ ರೇಣುಕಾ ಸಾಗರದಿಂದ. ಹುಬ್ಬಳ್ಳಿಗೆ ಕಲಘಟಗಿ ಕಡೆಯ ನೀರಸಾಗರದ ಆಸರೆಯೂ ಇದೆ. 2008ರಿಂದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು. ಉಳಿದ ಬಹಳ ಬಡಾವಣೆಗಳಲ್ಲಿ ಇಂದಿಗೂ ಸಂಪು, ಸಿಂಟೆಕ್ಸು, ‘ನೀರು ಬಿಟ್ಟಾರೇನ್ರಿ?’ ಎಂಬ ಪ್ರಶ್ನೆ ತಪ್ಪಿಲ್ಲ. ಗದಗ-ಬೆಟಗೇರಿ, ಹಾವೇರಿಯವರಿಗೆ ತುಂಗಭದ್ರೆಯ ನೀರು, ಕಾಯುವ ಕಷ್ಟ ಮಾತ್ರ ಇದೇ. ನದಿಯ ನೀರು ಸಾಮಾನ್ಯವಾಗಿ ಬೋರಿನ ನೀರಿಗಿಂತ ಮೆದು. ಅಪಾರ್ಟ್‌ಮೆಂಟಿನಲ್ಲಿ ತೊಂದರೆಯಾಗುವುದು ಇವೆರಡೂ ಒಂದೇ ಟ್ಯಾಂಕಿನಲ್ಲಿ ಬೆರೆತಾಗ. ಮಳೆಗಾಲದಲ್ಲಿ ಮುಕ್ಕಾಲು ನದಿ ನೀರಿದ್ದ ಟ್ಯಾಂಕಿನಲ್ಲಿ ಏಪ್ರಿಲ್ ಹೊತ್ತಿಗೆ ಮುಕ್ಕಾಲು ಬೋರು ಇರುತ್ತದೆ. ಜುಲೈನಲ್ಲಿ ಫಳಫಳ ಹೊಳೆಯುತ್ತಿದ್ದ ಗ್ಲಾಸು ಬೇಸಿಗೆಯಲ್ಲಿ ಬೆಳ್ಳಗೆ ಮಂಕಾಗಲು ಕಾರಣ ಯಂತ್ರ ಕೆಟ್ಟಿದ್ದಲ್ಲ, ಟ್ಯಾಂಕಿನ ನೀರು ಬದಲಾಗಿದ್ದು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮೂರು ಸಂಗತಿ ತಿಳಿದುಕೊಳ್ಳಿ. ಅಡುಗೆಮನೆಯ ನಲ್ಲಿಗೆ ಬರುವುದು ಕಾರ್ಪೊರೇಶನ್ ನೀರೋ, ಬೋರೋ, ಎರಡೂ ಬೆರೆತದ್ದೋ ಎಂದು ಸೊಸೈಟಿಯವರನ್ನು ಕೇಳಿ. ಕೆಲವು ಕಟ್ಟಡಗಳಲ್ಲಿ ಅಡುಗೆಮನೆಗೊಂದು ಲೈನು, ಬಚ್ಚಲಿಗೊಂದು ಲೈನು ಬೇರೆಬೇರೆ ಇರುತ್ತದೆ. ಹಾಗಿದ್ದರೆ ಯಂತ್ರವನ್ನು ಅಡುಗೆಮನೆಯ ಲೈನಿಗೇ ಜೋಡಿಸಿ, ಯುಟಿಲಿಟಿಯಲ್ಲಿ ಜಾಗ ಎಷ್ಟೇ ಅನುಕೂಲವಾಗಿದ್ದರೂ ಅಲ್ಲಿ ಬೋರಿನ ನಲ್ಲಿ ಇದ್ದರೆ ಬೇಡ.

ಎರಡನೆಯದು ಗಡಸುತನ. ಅಕ್ವೇರಿಯಂ ಸಾಮಾನು ಮಾರುವ ಅಂಗಡಿಗಳಲ್ಲಿ ನೀರಿನ ಗಡಸುತನ ತೋರಿಸುವ ಕಾಗದದ ಪಟ್ಟಿ ಸಿಗುತ್ತದೆ, ಆನ್‌ಲೈನಿನಲ್ಲೂ ಇದೆ. ನೀರಿನಲ್ಲಿ ಅದ್ದಿ, ಬಣ್ಣವನ್ನು ಡಬ್ಬಿಯ ಮೇಲಿನ ಪಟ್ಟಿಗೆ ಹೋಲಿಸಿ ನೋಡಿದರೆ ಆಯಿತು. ನೀರಿನ ಫಿಲ್ಟರಿನವರು ತರುವ ಟಿಡಿಎಸ್ ಮೀಟರಿನ ಅಂಕಿ ನೋಡಿ ಗಡಸುತನ ನಿರ್ಧರಿಸಬೇಡಿ. ಆ ಮೀಟರು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳನ್ನೂ ಸೇರಿಸಿ ಅಂದಾಜು ಹೇಳುತ್ತದೆ. ಪಾತ್ರೆ ಮೇಲೆ ಬಿಳಿ ಪೊರೆ ಕಟ್ಟುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾತ್ರ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪಿತ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎಂದಿದೆ. ನಿಮ್ಮ ಪಟ್ಟಿ 200ರ ಮೇಲೆ ತೋರಿಸಿತೆಂದರೆ ಒಳಗೇ ಸಾಫ್ಟ್‌ನರ್ (ನೀರನ್ನು ಮೆದು ಮಾಡುವ ಭಾಗ) ಇರುವ, ಅದಕ್ಕೆ ಉಪ್ಪು ಹಾಕುವ ಖಾನೆ ಇರುವ ಯಂತ್ರವನ್ನಷ್ಟೇ ಕೊಳ್ಳಿ. ಇದರಲ್ಲಿ ರಾಜಿ ಬೇಡ.

ಮೂರನೆಯದು ಒತ್ತಡ. ಬಹಳಷ್ಟು ಯಂತ್ರಗಳಿಗೆ ಕನಿಷ್ಠ 0.4 ಬಾರ್, ಅಂದರೆ 0.04 ಮೆಗಾಪಾಸ್ಕಲ್ ಒತ್ತಡ ಬೇಕು. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ ಹತ್ತು ಮೀಟರು ಮೇಲಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಇದರರ್ಥ, ಟ್ಯಾಂಕಿಗೂ ನಿಮ್ಮ ನಲ್ಲಿಗೂ ಕಡಿಮೆಯೆಂದರೂ ನಾಲ್ಕು ಮೀಟರು ಅಂತರ ಇರಬೇಕು. ನಡುವಿನ ಮಹಡಿಯವರಿಗೆ ಚಿಂತೆಯಿಲ್ಲ. ಟೆರೇಸಿನ ಕೆಳಗಿನ ಕೊನೆಯ ಮಹಡಿಯವರು ಮಾತ್ರ ಪರೀಕ್ಷೆ ಮಾಡಲೇಬೇಕು. ಒಂದು ಲೀಟರಿನ ಅಳತೆ ಪಾತ್ರೆಯನ್ನು ನಲ್ಲಿಗೆ ಹಿಡಿಯಿರಿ. ಹತ್ತು ಸೆಕೆಂಡಿನೊಳಗೆ ತುಂಬಿದರೆ ಮುಂದುವರಿಯಬಹುದು. ಇಪ್ಪತ್ತು, ಮೂವತ್ತು ಸೆಕೆಂಡು ಹಿಡಿದರೆ ಪ್ಲಂಬರಿಗೆ ತೋರಿಸಿ. ಎಷ್ಟೋ ಸಲ ನಲ್ಲಿಯ ಬಾಯಿಯ ಜಾಳಿಗೆಯಲ್ಲಿ ಮಣ್ಣು ಸಿಕ್ಕಿರುವುದಷ್ಟೇ ಕಾರಣವಾಗಿರುತ್ತದೆ. ಇಲ್ಲವಾದರೆ ಸಣ್ಣ ಪ್ರೆಶರ್ ಪಂಪು ಬೇಕಾಗುತ್ತದೆ, ಅದರ ಖರ್ಚೂ ಯಂತ್ರದ ಬೆಲೆಗೆ ಸೇರಿಸಿಕೊಳ್ಳಿ.

ಒತ್ತಡವೂ ಇಲ್ಲ, ಬಾಡಿಗೆ ಮನೆಯ ಮಾಲೀಕರು ಪೈಪಿಗೆ ಕೈ ಹಚ್ಚಲು ಬಿಡುವುದೂ ಇಲ್ಲ ಎಂದರೆ ಮೇಲಿನಿಂದ ಕೊಡದಲ್ಲಿ ನೀರು ಹೊಯ್ಯುವ ಮಾದರಿ ಇದೆ. ಒಳಗೆ ಸುಮಾರು ಐದು ಲೀಟರಿನ ತೊಟ್ಟಿ ಇರುತ್ತದೆ, ತುಂಬಿದೊಡನೆ ಬೀಪ್ ಅನ್ನುತ್ತದೆ. ಇಬ್ಬರು ಇರುವ ಮನೆಗೆ ಸಾಕು. ಇಂಥ ಬಹಳ ಯಂತ್ರಗಳಲ್ಲಿ ಉಪ್ಪಿನ ಖಾನೆ ಇರುವುದಿಲ್ಲ, ಆದರೆ ಯಾವ ನೀರು ಹೊಯ್ಯಬೇಕು ಎನ್ನುವುದು ನಿಮ್ಮ ಕೈಯಲ್ಲಿರುತ್ತದೆ. ನೀರು ಬಂದ ದಿನ ಹಿಡಿದಿಟ್ಟ ನದಿ ನೀರನ್ನೇ ಹೊಯ್ಯಿರಿ. ಆರ್‌ಓ ಫಿಲ್ಟರಿನಿಂದ ಹೊರಹೋಗುವ ನೀರನ್ನು ಉಳಿಸಲೆಂದು ಇದಕ್ಕೆ ಹೊಯ್ಯುವುದು ಬೇಡ, ಗಡಸುತನವೆಲ್ಲ ಅದರಲ್ಲೇ ಸೇರಿರುತ್ತದೆ. ನೆಲ ಒರೆಸಲು ಅದು ಸಾಕಷ್ಟು ಚೆನ್ನಾಗಿದೆ.

ಅಳತೆ, ಮತ್ತು ಒಂದು ಗಂಗಾಳ

ಎಂಟು ಮಂದಿಯ ಊಟದ ಪಾತ್ರೆ ಹಿಡಿಯುತ್ತದೆ ಎಂದು ಮಾರುವ ಮಾದರಿ ಸುಮಾರು 55 ಸೆಂ.ಮೀ. ಅಗಲ, 50 ಸೆಂ.ಮೀ. ಆಳ, 60 ಸೆಂ.ಮೀ. ಎತ್ತರ ಇರುತ್ತದೆ. ಆರು ಮಂದಿಯದು ಇಷ್ಟೇ ಅಗಲ, ಎತ್ತರ ಮಾತ್ರ 44 ಸೆಂ.ಮೀ. ಆಸುಪಾಸು. ಆ ಎಂಟು-ಆರು ಮಂದಿ ಎಂಬ ಲೆಕ್ಕ ಚಪ್ಪಟೆ ಪಿಂಗಾಣಿ ತಟ್ಟೆಯ ದೇಶದ್ದು. ನಮ್ಮ ಗಂಗಾಳ, ವಾಟಿ, ಬೋಗುಣಿಗೆ ಅರ್ಧ ಮಾಡಿ ಹಿಡಿಯಿರಿ. ನಾಲ್ಕು ಮಂದಿಯ ಮನೆಗೆ ಎಂಟರದ್ದೇ ಬೇಕು.

ಕಟ್ಟೆಯಿಂದ ಮೇಲಿನ ಕಪಾಟಿನ ತಳದವರೆಗೆ ಅಳೆಯಿರಿ. ಹೊಸ ಫ್ಲ್ಯಾಟುಗಳಲ್ಲಿ ಅದು ಸರಿಸುಮಾರು 60 ಸೆಂ.ಮೀ. ಇರುವುದರಿಂದ ದೊಡ್ಡ ಮಾದರಿ ಕೂಡುವುದೇ ಕಷ್ಟ, ಕೂತರೂ ಉಗಿ ಮೇಲಿನ ಪ್ಲೈವುಡ್ಡಿಗೆ ಬಡಿದು ಒಂದು ವರ್ಷದಲ್ಲಿ ಅದು ಉಬ್ಬುತ್ತದೆ. ಕಪಾಟು ಇಲ್ಲದ ಕಡೆ, ಕಿಟಕಿಯ ಕೆಳಗೆ ಸಿಕ್ಕರೆ ಒಳ್ಳೆಯದು. ಬಾಗಿಲು ಮುಂದಕ್ಕೆ ಮಲಗುವುದರಿಂದ ಯಂತ್ರದ ಮುಂದೆ ನಿಂತು ಪಾತ್ರೆ ತುಂಬಲು ಜಾಗ ಬೇಕು ಎನ್ನುವುದನ್ನೂ ಮರೆಯಬೇಡಿ. ಕಟ್ಟೆ ಮೇಲೆ ಜಾಗವೇ ಇಲ್ಲವೆಂದರೆ ಗಟ್ಟಿ ಕಬ್ಬಿಣದ ಸ್ಟ್ಯಾಂಡು ಮಾಡಿಸಿ. ಖಾಲಿ ಯಂತ್ರವೇ ಇಪ್ಪತ್ತು ಕಿಲೋ ಮೇಲಿರುತ್ತದೆ, ಪಾತ್ರೆ-ನೀರು ಸೇರಿದರೆ ಇನ್ನೂ ಹೆಚ್ಚು. ಚಕ್ರದ ತರಕಾರಿ ಟ್ರಾಲಿ ತಡೆಯುವುದಿಲ್ಲ.

ಕೊಪ್ಪಿಕರ್ ರಸ್ತೆಯ ಅಂಗಡಿಗಾಗಲಿ, ಬೇರೆ ಎಲ್ಲಿಗಾಗಲಿ ನೋಡಲು ಹೋಗುವಾಗ ಮನೆಯಿಂದ ದಿನಾ ಉಣ್ಣುವ ಒಂದು ಗಂಗಾಳ, ನೀವು ಹೆಚ್ಚು ಬಳಸುವ ಒಂದು ಬೋಗುಣಿ ಚೀಲದಲ್ಲಿ ಹಾಕಿಕೊಂಡು ಹೋಗಿ. ಸಂಕೋಚ ಬೇಡ. ಗಂಗಾಳವನ್ನು ಕೆಳಗಿನ ಜಾಳಿಗೆಯಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿ, ಒಳಗೆ ತಿರುಗುವ ರೆಕ್ಕೆಗೆ ತಾಗುತ್ತದೆಯೇ ನೋಡಿ. ಅಂಚು ಎತ್ತರವಿರುವ ದೊಡ್ಡ ಗಂಗಾಳ ಹಲವು ಸಣ್ಣ ಯಂತ್ರಗಳಲ್ಲಿ ನಿಲ್ಲುವುದಿಲ್ಲ. ಈ ಒಂದು ಪರೀಕ್ಷೆ ಹತ್ತು ವೀಡಿಯೊ ನೋಡಿದ್ದಕ್ಕಿಂತ ಹೆಚ್ಚು ಹೇಳುತ್ತದೆ.

ನಲ್ಲಿ, ಪೈಪು, ಪ್ಲಗ್ಗು

ನೀರು ಒಳಗೆ ಬರುವ ಪೈಪಿನ ತುದಿ ಮುಕ್ಕಾಲು ಇಂಚಿನ ಚೂಡಿಯದು, ವಾಶಿಂಗ್ ಮಷೀನಿಗೆ ಇರುವಂಥದೇ. ಸಿಂಕಿನ ಕೆಳಗಿನ ಆ್ಯಂಗಲ್ ಕಾಕ್ ಇರುವಲ್ಲಿ ಎರಡು ದಾರಿಯ ಕಾಕ್ ಹಾಕಿಸಿದರೆ ಒಂದು ದಾರಿ ಸಿಂಕಿಗೆ, ಇನ್ನೊಂದು ಯಂತ್ರಕ್ಕೆ. ಪ್ಲಂಬರಿಗೆ ಅರ್ಧ ಗಂಟೆಯ ಕೆಲಸ. ಬಾಡಿಗೆ ಮನೆ ಬಿಡುವಾಗ ಹಳೆಯ ಕಾಕ್ ಮತ್ತೆ ಹಾಕಿಸಿಕೊಡಬಹುದು, ಅದನ್ನು ತೆಗೆದು ಜೋಪಾನವಾಗಿಡಿ. ಪೈಪಿಗೂ ಕಾಕ್‌ಗೂ ನಡುವೆ ಮಣ್ಣು ತಡೆಯುವ ಸಣ್ಣ ಜಾಳಿಗೆ ಫಿಲ್ಟರು ಹಾಕಿಸಿ. ನೀರು ಬಿಟ್ಟ ದಿನದ ಮೊದಲ ನೀರು ನಮ್ಮಲ್ಲಿ ಎಷ್ಟು ಕೆಂಪಾಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಸಂಪು ತುಂಬಿ, ಟ್ಯಾಂಕಿಗೆ ಏರಿ, ಕೆಸರು ತಳಕ್ಕೆ ಕೂತ ಮೇಲೆ ಯಂತ್ರ ಹಚ್ಚಿದರೆ ಫಿಲ್ಟರಿಗೂ ಒಳ್ಳೆಯದು, ಪಾತ್ರೆಗೂ ಒಳ್ಳೆಯದು.

ಕೊಳೆ ನೀರು ಹೊರಹೋಗುವ ಪೈಪನ್ನು ಸಿಂಕಿನೊಳಗೆ ಬಿಡಬಹುದು, ಆದರೆ ಸುಮ್ಮನೆ ಬಿಟ್ಟರೆ ಪಂಪು ನೀರು ತಳ್ಳಿದ ರಭಸಕ್ಕೆ ಅದು ಹಾವಿನಂತೆ ಎದ್ದು ಕಟ್ಟೆ ತುಂಬ ನೀರು ಚೆಲ್ಲುತ್ತದೆ. ಕೊಕ್ಕೆ ಹಾಕಿ ಸಿಂಕಿನ ಅಂಚಿಗೆ ಭದ್ರ ಮಾಡಿ. ಆ ನೀರನ್ನು ಬಕೆಟ್ಟಿಗೆ ಹಿಡಿಯಬೇಕೆನ್ನುವವರು ನಮ್ಮಲ್ಲಿ ಬಹಳ ಮಂದಿ, ಅದು ಸರಿಯಾದ ಯೋಚನೆಯೇ. ಆದರೆ ಪೈಪಿನ ತುದಿ ಯಂತ್ರದ ತಳಕ್ಕಿಂತ ಕೆಳಗೆ, ನೆಲದ ಮೇಲಿನ ಬಕೆಟ್ಟಿಗೆ ನೇರವಾಗಿ ಬಿದ್ದರೆ, ತೊಳೆಯುವ ನೀರು ಕೆಲಸದ ನಡುವೆಯೇ ತಾನಾಗಿ ಜಗ್ಗಿಕೊಂಡು ಹೊರಹೋಗುತ್ತದೆ. ಯಂತ್ರ ಮತ್ತೆ ನೀರು ತುಂಬುತ್ತದೆ, ಅದೂ ಹೋಗುತ್ತದೆ, ಕೊನೆಗೆ ಎರರ್ ತೋರಿಸಿ ನಿಲ್ಲುತ್ತದೆ. ಬಕೆಟ್ಟನ್ನು ಸಿಂಕಿನೊಳಗೇ ಇಟ್ಟು, ಪೈಪಿನ ತುದಿ ನೀರಿನಲ್ಲಿ ಮುಳುಗದಂತೆ ಅಂಚಿಗೆ ಕಟ್ಟಿ. ಒಂದು ಸುತ್ತಿಗೆ ಸಣ್ಣ ಯಂತ್ರ ಆರರಿಂದ ಒಂಬತ್ತು ಲೀಟರು ನೀರು ಬಳಸುತ್ತದೆ, ಹದಿನೈದು ಲೀಟರಿನ ಬಕೆಟ್ಟು ಧಾರಾಳ ಸಾಕು. ಆ ನೀರು ಸೋಡಾ, ಉಪ್ಪು ಸೇರಿದ್ದು; ಶೌಚಾಲಯಕ್ಕೆ ಹೊಯ್ಯಿರಿ, ತುಳಸಿ ಗಿಡಕ್ಕೆ ಬೇಡ.

ನೀರು ನಿಜವಾಗಿ ಉಳಿಯುತ್ತದೆಯೇ ಎಂಬುದಕ್ಕೆ ನನ್ನ ಮಾತು ನಂಬಬೇಕಿಲ್ಲ. ಒಂದು ದಿನ ನಲ್ಲಿ ಬಂದ್ ಮಾಡಿ, ಅದೇ ಪಾತ್ರೆಗಳನ್ನು ಬಕೆಟ್ಟಿನ ನೀರಿನಲ್ಲಿ ತಿಕ್ಕಿ ತೊಳೆದು ಎಷ್ಟು ಬಕೆಟ್ಟು ಆಯಿತು ಎಂದು ಎಣಿಸಿ. ಸುರಿಯುವ ನಲ್ಲಿಯ ಕೆಳಗೆ ತೊಳೆಯುವವರಿಗೆ ವ್ಯತ್ಯಾಸ ದೊಡ್ಡದು. ಮೊದಲಿನಿಂದಲೂ ಎರಡು ಬಕೆಟ್ಟು ನೀರಿನಲ್ಲಿ ಅಚ್ಚುಕಟ್ಟಾಗಿ ಮುಗಿಸುವ ಹಿರಿಯರಿಗೆ ವ್ಯತ್ಯಾಸ ಅಷ್ಟಿರುವುದಿಲ್ಲ, ಅವರಿಗೆ ಉಳಿಯುವುದು ಬೆನ್ನು ಮತ್ತು ಹೊತ್ತು.

ಕರೆಂಟಿನ ವಿಷಯ ಚಿಕ್ಕದು, ಆದರೆ ಸಡಿಲ ಬಿಡುವಂಥದ್ದಲ್ಲ. ನೀರು ಕಾಯಿಸುವ ಕಾಯಿಲ್ ಇರುವುದರಿಂದ ಮಾದರಿ ನೋಡಿ 1300ರಿಂದ 1900 ವ್ಯಾಟ್ ಎಳೆಯುತ್ತದೆ. ಮಿಕ್ಸರಿನ ಸಣ್ಣ ಪ್ಲಗ್ಗಿಗೆ, ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ಚಬೇಡಿ. ಅರ್ಥಿಂಗ್ ಸರಿಯಿರುವ 16 ಆ್ಯಂಪ್ ಪವರ್ ಪ್ಲಗ್ಗು ಬೇಕು. ಸಿಂಕಿನ ಪಕ್ಕದಲ್ಲೇ ಇರುವ ಯಂತ್ರ ಇದು, ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಶಿಯನ್ನಿಂದ ಪರೀಕ್ಷೆ ಮಾಡಿಸಿದ ಮೇಲೆಯೇ ಹಚ್ಚಿ. ಇಂಡಕ್ಷನ್ ಒಲೆ, ಗೀಸರ್ ಜೊತೆ ಒಂದೇ ಹೊತ್ತಿಗೆ ಓಡಿಸಿದರೆ ಹಳೆಯ ವೈರಿಂಗಿನ ಮನೆಗಳಲ್ಲಿ ಎಂಸಿಬಿ ಬೀಳುತ್ತದೆ. ಮನೆಯ ಸಾಮಾನ್ಯ ಯುಪಿಎಸ್ ಇದನ್ನು ಹೊರಲಾರದು.

ಒಂದು ಸುತ್ತಿಗೆ ಸುಮಾರು ಮುಕ್ಕಾಲರಿಂದ ಒಂದು ಯೂನಿಟ್ ಖರ್ಚು, ದಿನಾ ಓಡಿಸಿದರೆ ತಿಂಗಳಿಗೆ 22-30 ಯೂನಿಟ್. ಗೃಹಜ್ಯೋತಿ ಇರುವ ಮನೆಯವರು ಹೆಸ್ಕಾಂ ಬಿಲ್ಲಿನಲ್ಲಿ ತಮ್ಮ ಅರ್ಹತೆಯ ಯೂನಿಟ್ ಎಷ್ಟಿದೆ ನೋಡಿಕೊಳ್ಳಿ. ಅರ್ಹತೆ ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಈಗಾಗಲೇ 180ರ ಹತ್ತಿರ ಇರುವವರು ದಿನ ಬಿಟ್ಟು ದಿನ ಓಡಿಸುವುದು ಲೇಸು.

ಮೊದಲ ದಿನ ಮಾಡುವುದು

ಯಂತ್ರದ ತಳದಲ್ಲಿ ಒಂದು ಮುಚ್ಚಳ ಇದೆ, ಅದು ಉಪ್ಪಿನ ಖಾನೆ. ಮೊಟ್ಟಮೊದಲ ಸಲ ಮಾತ್ರ ಅದರಲ್ಲಿ ನೀರು ತುಂಬಿ, ಆಮೇಲೆ ಜೊತೆಗೆ ಬಂದ ಆಲಿಕೆಯಿಂದ ಡಿಶ್‌ವಾಶರ್ ಉಪ್ಪು ಸುರಿಯಿರಿ. ಸುರಿದಂತೆ ನೀರು ಹೊರಚೆಲ್ಲುತ್ತದೆ, ಅದು ಸರಿಯೇ. ಅಂಚು ಒರೆಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ತಡಮಾಡದೆ ಪಾತ್ರೆ ಇಲ್ಲದೆ ಒಂದು ಸುತ್ತು ಓಡಿಸಿ. ಚೆಲ್ಲಿದ ಉಪ್ಪು ನೀರು ಹಾಗೇ ನಿಂತರೆ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ.

‘ಮನ್ಯಾಗ ಹರಳುಪ್ಪ ಐತಲ್ರೀ, ಅದನ್ನ ಹಾಕಿದ್ರ ನಡ್ಯಾಂಗಿಲ್ಲೇನ್ರಿ?’ ಎಂದು ಕೇಳದವರೇ ಇಲ್ಲ. ನಡೆಯುವುದಿಲ್ಲ. ಹರಳುಪ್ಪಿನಲ್ಲಿ ಮಣ್ಣಿನ ಅಂಶ, ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಯಾವುದನ್ನು ತೆಗೆಯಲು ಉಪ್ಪು ಹಾಕುತ್ತೇವೋ ಅದನ್ನೇ ಒಳಗೆ ಬಿಟ್ಟ ಹಾಗೆ. ಪ್ಯಾಕೆಟ್ಟಿನ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲು ಸೇರಿಸಿದ ಪದಾರ್ಥ ಇರುತ್ತದೆ, ಸಣ್ಣ ಕಣ ಖಾನೆಯಲ್ಲಿ ಒತ್ತಾಗಿ ಗಟ್ಟಿಯಾಗುತ್ತದೆ. ಸಾಫ್ಟ್‌ನರಿನೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಅವು ತುಂಬಿಹೋದಾಗ ಉಪ್ಪು ನೀರು ಹರಿದು ಅವನ್ನು ಮತ್ತೆ ಖಾಲಿ ಮಾಡುತ್ತದೆ. ಉಪ್ಪಿನ ಕೆಲಸ ಇಷ್ಟೇ, ಪಾತ್ರೆಗೆ ಅದು ತಾಗುವುದೇ ಇಲ್ಲ.

ಆಮೇಲೆ ಕೈಪಿಡಿ ತೆಗೆದು ಗಡಸುತನದ ಅಂಕಿ ಹೊಂದಿಸಿ. ಪಟ್ಟಿಯಲ್ಲಿ ನೋಡಿದ ಅಂಕಿ ಇಲ್ಲಿ ಬೇಕಾಗುವುದು. ಕೈಪಿಡಿಯಲ್ಲಿ ಜರ್ಮನ್ ಡಿಗ್ರಿಯಲ್ಲಿ ಬರೆದಿದ್ದರೆ ನಿಮ್ಮ ಮಿಲಿಗ್ರಾಂ ಅಂಕಿಯನ್ನು 17.8ರಿಂದ ಭಾಗಿಸಿ. 360 ಮಿಲಿಗ್ರಾಂ ಇದ್ದರೆ ಸುಮಾರು 20 ಡಿಗ್ರಿ. ಮಾರ್ಚ್ ಕೊನೆಗೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ನೀರು ಪರೀಕ್ಷೆ ಮಾಡಿ ಈ ಅಂಕಿ ತಿದ್ದಿಕೊಳ್ಳಿ. ಬಂದ ಟೆಕ್ನಿಶಿಯನ್ ಇದನ್ನು ಮಾಡದೆ ಹೋಗುವುದು ಮಾಮೂಲು. ಎದುರಿಗೆ ನಿಂತು ಮಾಡಿಸಿಕೊಳ್ಳಿ.

ಬಾಗಿಲಲ್ಲಿ ಪುಡಿ ಹಾಕುವ ಖಾನೆಯ ಪಕ್ಕ ಇನ್ನೊಂದು ಸಣ್ಣ ಖಾನೆ ರಿನ್ಸ್ ಏಡ್‌ನದು. ಕೊನೆಯ ತೊಳೆತದಲ್ಲಿ ನೀರು ಹನಿ ನಿಲ್ಲದೆ ಜಾರಿಹೋಗಲು ಅದು ಬೇಕು. ಇನ್ನು ಪುಡಿಯೋ ಗುಳಿಗೆಯೋ ಎಂದರೆ, ಸಣ್ಣ ಯಂತ್ರಕ್ಕೆ ಪುಡಿಯೇ ಮೇಲು. ಗುಳಿಗೆ ದೊಡ್ಡ ಯಂತ್ರದ ಅಳತೆಗೆ ಮಾಡಿದ್ದು. ಪುಡಿಯಾದರೆ ಮುಸುರಿ ನೋಡಿ 15-20 ಗ್ರಾಂ ಹಾಕಬಹುದು. ಕೈಯಲ್ಲಿ ತಿಕ್ಕುವ ವಿಮ್, ಪ್ರಿಲ್‌ನಂಥ ದ್ರವ ಒಂದು ಹನಿಯೂ ಒಳಗೆ ಹೋಗಬಾರದು. ನೊರೆ ಉಕ್ಕಿ ಬಾಗಿಲಿನಿಂದ ಹೊರಬರುತ್ತದೆ.

ಪಾತ್ರೆ ಜೋಡಿಸುವ ಕೆಲಸ

ಯಂತ್ರದೊಳಗೆ ತಿಕ್ಕುವ ಕೈ ಇಲ್ಲ. ತಿರುಗುವ ರೆಕ್ಕೆಯ ತೂತುಗಳಿಂದ ಬಿಸಿ ನೀರು ಚಿಮ್ಮುತ್ತದೆ, ಅದು ತಾಗಿದ ಜಾಗ ಮಾತ್ರ ಸ್ವಚ್ಛವಾಗುತ್ತದೆ. ಹಾಗಾಗಿ ಎಲ್ಲ ಪಾತ್ರೆಯ ಬಾಯಿ ಕೆಳಗೆ, ನಡುವಿನ ಕಡೆಗೆ ವಾಲಿರಬೇಕು. ವಾಟಿಯೊಳಗೆ ವಾಟಿ, ಚಮಚದ ಬೆನ್ನಿಗೆ ಚಮಚ ಕೂತರೆ ಅವು ಹೋದ ಹಾಗೇ ಹೊರಬರುತ್ತವೆ. ವಾಟಿಗಳನ್ನು ಸ್ವಲ್ಪ ಓರೆ ಮಾಡಿ, ಇಲ್ಲವಾದರೆ ತಳದ ಗುಳಿಯಲ್ಲಿ ನೀರು ನಿಲ್ಲುತ್ತದೆ. ಸೌಟು, ಹುಟ್ಟು ಉದ್ದವಿರುವುದರಿಂದ ಮಲಗಿಸಿ. ಎಲ್ಲ ಜೋಡಿಸಿದ ಮೇಲೆ ರೆಕ್ಕೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ; ಯಾವುದಕ್ಕಾದರೂ ಟಕ್ ಎಂದು ತಾಗಿದರೆ ಅದನ್ನು ಸರಿಸಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಪಾತ್ರೆಯನ್ನು ಮೊದಲೇ ತೊಳೆದು ಹಾಕಬೇಕೆ? ಬೇಡ. ಉಂಡ ಮೇಲೆ ಉಳಿದ ಅನ್ನ, ಕರಿಬೇವು, ಮೆಣಸಿನಕಾಯಿ ತುಂಡು ಕೈಯಿಂದ ಬಳಿದು ಕಸಕ್ಕೆ ಹಾಕಿ, ಅಷ್ಟು ಸಾಕು. ಪುಡಿಯಲ್ಲಿ ಗಂಜಿ ಮತ್ತು ಬ್ಯಾಳಿಯಂಥ ಅಂಟನ್ನು ಒಡೆಯುವ ಎಂಜೈಮುಗಳಿವೆ, ಅವಕ್ಕೆ ಸ್ವಲ್ಪ ಕೆಲಸ ಇರಬೇಕು. ಆದರೆ ನಮ್ಮ ಕಡೆಯ ಅಡುಗೆಯಲ್ಲಿ ಎರಡು ಸಂಗತಿ ಇದಕ್ಕೆ ಹೊರತು.

ಮೊದಲನೆಯದು ಜೋಳದ ಹಿಟ್ಟು. ರೊಟ್ಟಿಗೆ ಎಸರಿಟ್ಟ ಬೋಗುಣಿಯ ಅಂಚಿನಲ್ಲಿ ಒಣಗಿದ ಹಿಟ್ಟು ಸಿಮೆಂಟಿನಂತೆ ಹಿಡಿಯುತ್ತದೆ. ಇದನ್ನು ನೇರವಾಗಿ ಯಂತ್ರಕ್ಕೆ ಹಾಕಿದರೆ ಹಿಟ್ಟು ಪೂರ್ತಿ ಕರಗದೆ ತೆಳು ಪದರವಾಗಿ ಎದ್ದು, ಪಕ್ಕದ ಗ್ಲಾಸಿಗೆ ಹೋಗಿ ಅಂಟುತ್ತದೆ, ಉಳಿದದ್ದು ಫಿಲ್ಟರಿನ ಸಣ್ಣ ಜಾಳಿಗೆಗೆ ಮೆತ್ತುತ್ತದೆ. ರೊಟ್ಟಿ ಮುಗಿದ ಕೂಡಲೇ ಅದಕ್ಕೆ ಒಂದು ತಂಬಿಗೆ ತಣ್ಣೀರು ಹಾಕಿ ಬಿಡಿ. ಊಟ ಮುಗಿಯುವುದರೊಳಗೆ ಹಿಟ್ಟು ಮೆತ್ತಗಾಗಿರುತ್ತದೆ, ಬೆರಳಾಡಿಸಿ ಚೆಲ್ಲಿ ಆಮೇಲೆ ಯಂತ್ರಕ್ಕೆ. ಹಾಲಿನ ಬೋಗುಣಿಗೂ ತಣ್ಣೀರೇ ಮೊದಲು, ಬಿಸಿ ನೀರು ಬಿದ್ದರೆ ಹಾಲಿನ ಅಂಶ ಇನ್ನೂ ಗಟ್ಟಿಯಾಗಿ ಕೂಡುತ್ತದೆ.

ಎರಡನೆಯದು ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುವುದೇ ಅದರ ಹೆಸರುವಾಸಿ. ಆ ಬಣ್ಣ ಎಣ್ಣೆಯಲ್ಲಿ ಕರಗುವಂಥದು. ಎಣ್ಣೆಗಾಯಿ ಮಾಡಿದ ಬೋಗುಣಿ, ಜೊತೆಗೆ ಬಿಳಿ ಪ್ಲಾಸ್ಟಿಕ್ ಮುಚ್ಚಳ ಒಂದೇ ಸುತ್ತಿನಲ್ಲಿ ಹೋದರೆ, ಸ್ಟೀಲು ಸ್ವಚ್ಛವಾಗಿ ಬರುತ್ತದೆ, ಮುಚ್ಚಳ ಕೇಸರಿ ಬಣ್ಣ ಕುಡಿದು ಬರುತ್ತದೆ. ಬಿಸಿಗೆ ಪ್ಲಾಸ್ಟಿಕ್ ಎಣ್ಣೆಯನ್ನು ಒಳಗೆಳೆದುಕೊಳ್ಳುವುದರಿಂದ ಆಮೇಲೆ ಎಷ್ಟು ತಿಕ್ಕಿದರೂ ಹೋಗದು. ಅರಿಶಿನದ್ದೂ ಇದೇ ಕಥೆ. ಬಿಸಿಲಿಗಿಟ್ಟರೆ ಅರಿಶಿನ ಮಸುಕಾಗುತ್ತದೆ, ಅದಕ್ಕೆ ನಮ್ಮ ಬಯಲುಸೀಮೆಯ ಬಿಸಿಲು ಒಳ್ಳೆಯ ಮದ್ದು. ಎಣ್ಣೆ ಹೆಚ್ಚಿದ್ದ ಪಾತ್ರೆಯನ್ನು ಹಳೆಯ ಕಾಗದದಿಂದ ಒಮ್ಮೆ ಒರೆಸಿ ಹಾಕಿ, ಪ್ಲಾಸ್ಟಿಕನ್ನು ಬೇರೆ ದಿನಕ್ಕೆ ಇಡಿ.

ಯಂತ್ರಕ್ಕೆ ಹಾಕಲೇಬಾರದವು: ರೊಟ್ಟಿ ಹಂಚು, ಕಬ್ಬಿಣದ ಬಾಣಲೆ (ಎಣ್ಣೆ ಕುಡಿದು ಪಳಗಿದ ಮೈ ಹೋಗಿ ತುಕ್ಕು ಹಿಡಿಯುತ್ತದೆ), ಲಟ್ಟಣಿಗೆ ಮತ್ತು ಕಟ್ಟಿಗೆಯ ಯಾವುದೇ ಸಾಮಾನು, ಹಿತ್ತಾಳೆ, ತಾಮ್ರ, ಬೆಳ್ಳಿಯ ದೇವರ ಸಾಮಾನು, ಮಿಕ್ಸರ್ ಜಾರಿನ ತಳ, ಕುಕ್ಕರಿನ ಗ್ಯಾಸ್ಕೆಟ್ಟು ಮತ್ತು ಸೀಟಿ. ಅಲ್ಯುಮಿನಿಯಂ ಕುಕ್ಕರು, ಡಬರಿ ಒಂದೇ ಸುತ್ತಿಗೆ ಕಪ್ಪಾಗುತ್ತವೆ, ಪುಡಿಯ ಕ್ಷಾರ ಅವಕ್ಕೆ ಆಗದು. ಸಪೂರ ಕತ್ತಿನ ತಂಬಿಗೆ, ಬಾಟಲಿ ಹಾಕಿ ಉಪಯೋಗವಿಲ್ಲ, ಒಳಗೆ ನೀರು ಹೋಗುವುದಿಲ್ಲ. ನಾನ್‌ಸ್ಟಿಕ್ ತವೆ ತಡೆಯುತ್ತದೆ ಎಂದು ಬರೆದಿದ್ದರೂ ಕೈಯಲ್ಲೇ ತೊಳೆದರೆ ಹೆಚ್ಚು ದಿನ ಬಾಳುತ್ತದೆ.

ಯಾವ ಬಟನ್ನು, ಯಾವ ಹೊತ್ತು

ದಿನದ ಸ್ಟೀಲು ಪಾತ್ರೆಗೆ 60-65 ಡಿಗ್ರಿಯ ನಾರ್ಮಲ್ ಸಾಕು. ಝುಣಕ, ಎಣ್ಣೆಗಾಯಿ, ಹೋಳಿಗೆ ಸಾರಿನ ಜಿಡ್ಡು ಇದ್ದ ದಿನ 70 ಡಿಗ್ರಿಯ ಇಂಟೆನ್ಸಿವ್. ಇಕೋ ಎಂದು ಬರೆದದ್ದು ಮೂರು ಗಂಟೆ ಹಿಡಿಯಬಹುದು, ಆದರೆ ಕಾವು ಕಡಿಮೆ ಇರುವುದರಿಂದ ಕರೆಂಟು ಕಡಿಮೆ ಸುಡುತ್ತದೆ. ಹೊತ್ತು ಹೆಚ್ಚಾದರೆ ಖರ್ಚೂ ಹೆಚ್ಚು ಎಂದುಕೊಳ್ಳಬೇಡಿ. ಅರ್ಧ ಗಂಟೆಯ ರ್‍ಯಾಪಿಡ್ ಚಹಾ ಕಪ್ಪು-ಬಸಿಗಷ್ಟೇ, ಅದು ಒಣಗಿಸುವುದಿಲ್ಲ.

ರಾತ್ರಿ ಮಲಗುವ ಮುನ್ನ ಹಚ್ಚುವುದು ಅನುಕೂಲ, ಆದರೆ ಮೊದಲ ಕೆಲವು ವಾರ ಎಚ್ಚರವಿರುವಾಗಲೇ ಓಡಿಸಿ, ಪೈಪಿನ ಜೋಡಣೆಯಲ್ಲಿ ಹನಿ ಬೀಳುತ್ತದೆಯೇ ಎಂದು ಕೈಯಾಡಿಸಿ ನೋಡಿ. ಹಚ್ಚುವ ಮೊದಲು ಟ್ಯಾಂಕಿನಲ್ಲಿ ನೀರಿದೆಯೇ ಖಾತ್ರಿ ಮಾಡಿಕೊಳ್ಳಿ. ಮೇ ತಿಂಗಳ ಗಾಳಿ-ಮಳೆಗೆ ನಡುವೆ ಕರೆಂಟು ಹೋದರೆ ಗಾಬರಿ ಬೇಡ, ಬಹಳ ಯಂತ್ರಗಳು ನಿಂತ ಜಾಗದಿಂದಲೇ ಮತ್ತೆ ಶುರುವಾಗುತ್ತವೆ. ಬಾಗಿಲು ತೆಗೆಯಬೇಡಿ, ಒಳಗೆ ಬಿಸಿ ನೀರು ಇರುತ್ತದೆ. ಗಂಟೆಗಟ್ಟಲೆ ಬರದಿದ್ದರೆ ಪ್ಲಗ್ಗು ಕಿತ್ತು, ನಲ್ಲಿ ಬಂದ್ ಮಾಡಿ.

ಮುಗಿದ ಮೇಲೆ ಕಾಲು ಗಂಟೆ ಬಿಟ್ಟು ಬಾಗಿಲು ನಾಲ್ಕು ಬೆರಳು ತೆರೆದಿಡಿ. ಉಗಿ ಹೊರಹೋಗಿ ಸ್ಟೀಲು ತಾನಾಗಿ ಒಣಗುತ್ತದೆ. ಮೇಲೆ ಕಪಾಟು ಇದ್ದರೆ ತೆರೆಯುವ ಮುನ್ನ ಯಂತ್ರವನ್ನು ಕಟ್ಟೆಯ ಅಂಚಿನತ್ತ ಸ್ವಲ್ಪ ಎಳೆದುಕೊಳ್ಳಿ.

ಫಿಲ್ಟರು, ಬಿಳಿ ಪೊರೆ, ವಾಸನೆ

ತಳದ ಫಿಲ್ಟರನ್ನು ದಿನಾ ತೆಗೆಯಬೇಕು. ಕೈಪಿಡಿ ವಾರಕ್ಕೊಮ್ಮೆ ಎನ್ನುತ್ತದೆ. ನಮ್ಮ ಒಗ್ಗರಣೆಗೆ ಅದು ಸಾಲದು. ತಿರುಗಿಸಿ ಎತ್ತಿ ನೋಡಿ: ಸಾಸಿವೆ, ಜೀರಿಗೆ, ಸುಟ್ಟ ಕರಿಬೇವಿನ ಚೂರು, ಮೆಣಸಿನಕಾಯಿ ಬೀಜ, ಶೇಂಗಾ ಹಿಂಡಿಯ ಪುಡಿ ಎಲ್ಲ ಜಿಡ್ಡಿನಲ್ಲಿ ಅಂಟಿ ಕೂತಿರುತ್ತವೆ. ನಲ್ಲಿಯ ಕೆಳಗೆ ಹಿಡಿದು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದು ನಿಮಿಷ ತಿಕ್ಕಿದರೆ ಮುಗಿಯಿತು. ಮರಳಿ ಕೂಡಿಸುವಾಗ ಲಾಕ್ ಆಗುವವರೆಗೆ ತಿರುಗಿಸಿ, ಸಡಿಲ ಬಿಟ್ಟರೆ ಆ ಸಾಸಿವೆಯೇ ಪಂಪಿಗೆ ಹೋಗುತ್ತದೆ. ತಿಂಗಳಿಗೊಮ್ಮೆ ರೆಕ್ಕೆಯನ್ನೂ ಬಿಚ್ಚಿ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ. ಮೆಣಸಿನಕಾಯಿ ಬೀಜದ ಅಳತೆಗೂ ಆ ತೂತಿನ ಅಳತೆಗೂ ಬಹಳ ಹೊಂದಾಣಿಕೆ, ಒಂದು ಸೂಜಿಯಿಂದ ಚುಚ್ಚಿ ತೆಗೆಯಬೇಕಾಗುತ್ತದೆ.

ಗ್ಲಾಸು ಬೆಳ್ಳಗಾದರೆ ಒಂದು ಹನಿ ನಿಂಬೆರಸ ಹಚ್ಚಿ ಒರೆಸಿ. ಪೊರೆ ಹೋದರೆ ಅದು ಗಡಸು ನೀರಿನದು: ಉಪ್ಪಿನ ಖಾನೆ ನೋಡಿ, ಗಡಸುತನದ ಅಂಕಿ ಒಂದು ಹಂತ ಏರಿಸಿ. ನಿಂಬೆಗೂ ಹೋಗದೆ ಗಾಜೇ ಮಂಕಾಗಿದ್ದರೆ ಅದು ಸವೆತ, ಬಿಸಿ ಮತ್ತು ಪುಡಿ ಕಡಿಮೆ ಮಾಡಿ. ಪಾತ್ರೆ ಮೇಲೆ ಹಿಟ್ಟಿನಂತೆ ಉದುರುವ ಬಿಳಿ ಇದ್ದರೆ ಪುಡಿ ಹೆಚ್ಚಾಗಿದೆ ಅಥವಾ ರೆಕ್ಕೆ ತಿರುಗಿಲ್ಲ. ಯಂತ್ರದ ಒಳಗೋಡೆಯಲ್ಲೇ ಸುಣ್ಣ ಕಟ್ಟಿದ್ದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಮೂರು-ನಾಲ್ಕು ಚಮಚ ಹಾಕಿ, ಪಾತ್ರೆಯಿಲ್ಲದೆ, ಪುಡಿಯಿಲ್ಲದೆ ಬಿಸಿ ಸುತ್ತು ಓಡಿಸಿ. ಎರಡು-ಮೂರು ತಿಂಗಳಿಗೊಮ್ಮೆ ಸಾಕು, ಮೇಲಿಂದ ಮೇಲೆ ಮಾಡಿದರೆ ಬಾಗಿಲಿನ ರಬ್ಬರು ಬೇಗ ಗಟ್ಟಿಯಾಗುತ್ತದೆ.

ವಾಸನೆ ಬಂದರೆ ಮೊದಲು ಬಾಗಿಲಿನ ಕೆಳಗಿನ ರಬ್ಬರಿನ ಮಡಿಕೆ ಒರೆಸಿ. ಅಲ್ಲಿ ನೀರು ತಲುಪುವುದಿಲ್ಲ, ಜಿಡ್ಡು ಅಲ್ಲೇ ಕೂಡುತ್ತದೆ. ಎರಡು ದಿನಕ್ಕೊಮ್ಮೆ ಓಡಿಸುವ ಮನೆಯಲ್ಲಿ ಮುಸುರಿಯನ್ನು ಒಳಗೆ ಮುಚ್ಚಿಡುವಾಗ ನಡುವೆ ಒಮ್ಮೆ ಪುಡಿಯಿಲ್ಲದ ಬರೀ ನೀರಿನ ಸುತ್ತು ಓಡಿಸಿದರೆ ಬೇಸಿಗೆಯಲ್ಲೂ ವಾಸನೆ ಹಿಡಿಯದು.

ಊರಿಗೆ ಹೋಗುವಾಗ, ಹಬ್ಬವಿರಲಿ, ಜಾತ್ರೆಯಿರಲಿ, ಯಂತ್ರದ ಕಾಕ್ ಬಂದ್ ಮಾಡಿ, ಪ್ಲಗ್ಗು ಕಿತ್ತು, ಫಿಲ್ಟರು ತೊಳೆದು ಹೊರಗೆ ಒಣಗಿಸಿ, ತಳದಲ್ಲಿ ನಿಂತ ನೀರನ್ನು ಬಟ್ಟೆಯಿಂದ ಹೀರಿ, ಬಾಗಿಲು ಸ್ವಲ್ಪ ತೆರೆದೇ ಬಿಡಿ. ಹೊರಹೋಗುವ ಪೈಪಿನ ಬಾಯಿಗೆ ಒಂದು ತುಂಡು ತೆಳು ಬಟ್ಟೆ ಕಟ್ಟಿದರೆ ಜಿರಲೆ ಒಳಸೇರುವುದಿಲ್ಲ. ಬಂದ ಮೇಲೆ ಯಂತ್ರ ಹಚ್ಚುವ ಮೊದಲು ಆ ಬಟ್ಟೆ ಬಿಚ್ಚಬೇಕು ಎಂದು ಒಂದು ಚೀಟಿ ಬರೆದು ಬಾಗಿಲಿಗೇ ಅಂಟಿಸಿ ಹೋಗಿ.